ಗಿಣ್ಣು ಕೊಡದ ಬೈರಯ್ಯ

ಹಳೇಕೋಟೆ ಸುತ್ತಿನ ಹಳ್ಳಿಗಳಲ್ಲಿ ಬೈರಯ್ಯ ಎಂಬ ಹೆಸರಿನವರು ಬೇಕಾದಷ್ಟು ಮಂದಿ ಇದ್ದರು. ಗಿಣ್ಣು ಕೊಡದ ಬೈರಯ್ಯ ಮಾತ್ರ ಒಬ್ಬನೇ. ಹಸು ಈದ ಮನೆಯಿಂದ ನೆರೆಮನೆಗಳಿಗೆ ಗಿಣ್ಣು ಹೋಗುವುದು ಆ ಕಡೆಯ ನಡಾವಳಿ. ಈದ ಹೊಸದರಲ್ಲಿ ಕರೆಯುವ ಆ ಹಳದಿ ಬಣ್ಣದ ಮಂದ ಹಾಲಿಗೆ ಬೆಲ್ಲ ಹಾಕಿ ಕಾಸಿ, ಗಟ್ಟಿಯಾದದ್ದನ್ನು ಎಲೆಯ ತುಂಡಿನ ಮೇಲಿಟ್ಟು ಕೊಟ್ಟರೆ ಬೇಲಿ ಜಗಳವಾಡಿದವರೂ ಮತ್ತೆ ಮಾತಾಡುತ್ತಿದ್ದರು. ಬೈರಯ್ಯನ ಮನೆಯಿಂದ ಒಂದು ಚೂರೂ ಹೊರಗೆ ಬರುತ್ತಿರಲಿಲ್ಲ. ಎಂಜಲು ಕೈಯಲ್ಲಿ ಕಾಗೆ ಹೊಡೆಯದವನು ಅಂತ ಊರು ಅವನನ್ನು ಆಡಿಕೊಳ್ಳುತ್ತಿತ್ತು. ಅವನ ಮನೆಯವರೇ ಗಿಣ್ಣಿನ ರುಚಿ ನೋಡಿರಲಿಲ್ಲ ಎಂಬುದು ಊರಿಗೆ ಗೊತ್ತಿರಲಿಲ್ಲ. ಅದು ಕರುವಿನ ಸೊತ್ತು, ಕರುವಿನ ಹೊಟ್ಟೆಗೇ ಹೋಗಬೇಕು ಅನ್ನುವುದು ಅವನ ಹಟ.

ಹಟಕ್ಕೆ ಕಾರಣ ಇತ್ತು. ಬೈರಯ್ಯನಿಗೆ ಇದ್ದದ್ದು ಒಂದಿಷ್ಟು ಹೊಲ, ಎರಡು ಹಳ್ಳಿಕಾರ್ ಹಸು. ಆದರೆ ಅವನು ಸಾಕಿದ ಹೋರಿಗರು ರಾಮನಾಥಪುರದ ದನದ ಪರಿಷೆಗೆ ಬಂದರೆ ಚನ್ನರಾಯಪಟ್ಟಣದ ಕಡೆಯ ರೈತರೂ ನಿಂತು ನೋಡುತ್ತಿದ್ದರು. ಅವನ ವಿದ್ಯೆ ಏನೆಂದರೆ ಕರು ಹುಟ್ಟುವ ಮೊದಲೇ ಕರುವನ್ನು ಸಾಕುವುದು. ಗಬ್ಬದ ಹಸುವಿಗೆ ಬೇಯಿಸಿದ ಹುರುಳಿ, ಹಿಂಡಿ ತಪ್ಪಿಸುತ್ತಿರಲಿಲ್ಲ. ಕರು ಬಿದ್ದು ಎದ್ದು ನಿಲ್ಲುವ ಮೊದಲೇ ಗಿಣ್ಣಿಗೆ ಬಾಯಿ ಹಚ್ಚಿಸುತ್ತಿದ್ದ. ಎರಡು ಮೊಲೆ ಮನೆಗೆ, ಎರಡು ಮೊಲೆ ಕರುವಿಗೆ. ದನ ಹೊರಳುವ ಕಟ್ಟೆಯ ನೀರನ್ನು ಎಳೆಗರುವಿಗೆ ತೋರಿಸುತ್ತಲೇ ಇರಲಿಲ್ಲ, ಬಾವಿಯಿಂದ ಸೇದಿ ಕುಡಿಸುತ್ತಿದ್ದ. ಮೇವಿಗೆ ಮೂತಿ ಹಾಕುವ ಹೊತ್ತಿಗೆ ಹುರುಳಿ ರುಬ್ಬಿ ಕೈಯಾರೆ ನೆಕ್ಕಿಸುತ್ತಿದ್ದ. ಯಾರಾದರೂ ಗುಟ್ಟು ಕೇಳಿದರೆ ಅವನ ಬಾಯಲ್ಲಿ ಒಂದೇ ಮಾತು: ಕರುವಿನಲ್ಲಿ ಬಾರದ ಮೈ ಎತ್ತಿನಲ್ಲಿ ಬರುವುದಿಲ್ಲ.

ಕೊಟ್ಟಿಗೆ ಅವನದು. ಮನೆಯ ಒಳಗು ಅವನ ತಾಯಿ ಬೆಟ್ಟಮ್ಮನದು. ಹೆರಿಗೆ, ಬಾಣಂತನ, ಕೂಸಿನ ಆರೈಕೆ ಇವೆಲ್ಲ ಹೆಂಗಸರ ವಿಷಯ, ಗಂಡಸು ಅತ್ತ ತಲೆ ಹಾಕಿದರೆ ನಗೆಪಾಟಲು. ಹೆಂಡತಿ ಮಾದಮ್ಮ ಚೊಚ್ಚಲು ಮಗ ತಮ್ಮಯ್ಯನನ್ನು ಹೆತ್ತಾಗ ಬೆಟ್ಟಮ್ಮ ತನ್ನ ಅತ್ತೆ ಮಾಡಿದಂತೆಯೇ ಮಾಡಿದಳು. ಮೊದಲ ಹಾಲು ಕೆಟ್ಟ ಹಾಲು ಅಂತ ಹಿಂಡಿ ತಟ್ಟೆಯ ಬೂದಿಗೆ ಸುರಿದು ಹಿತ್ತಲಿಗೆ ಚೆಲ್ಲಿದಳು. ಕೂಸಿಗೆ ಬಟ್ಟೆಯ ಬತ್ತಿಯಲ್ಲಿ ಬೆಲ್ಲದ ನೀರು ಚೀಪಿಸಿದಳು. ಹಾಲುಂಡದ್ದೂ ಹೆಚ್ಚು ಕಾಲವಲ್ಲ. ಕಳೆ ಕೀಳುವ ಕಾಲ ಬಂತು, ಮಾದಮ್ಮ ಹೊಲಕ್ಕೆ ಹೋದಳು, ಕೂಸು ಅಜ್ಜಿಯ ಮಡಿಲಿಗೆ ಬಂತು. ಗಟ್ಟಿಯದು ಅರಗುವುದಿಲ್ಲ ಅಂತ ಗಂಜಿಯ ತಿಳಿ, ಅಂಬಲಿಯ ತಿಳಿ. ಬೇಧಿಯಾದರೆ ಆ ತಿಳಿಯೂ ಬಂದ್. ಕುಡಿಯಲು ಕಟ್ಟೆಯ ನೀರು. ಮಗು ಬೇಧಿಯಲ್ಲಿ ಸೊರಗುವುದು, ಚೇತರಿಸಿಕೊಳ್ಳುವುದು, ಮತ್ತೆ ಸೊರಗುವುದು, ಹೀಗೇ ನಡೆಯಿತು. ಬಾಲಗ್ರಹ ಅಂತ ಸೊಂಟಕ್ಕೆ ತಾಯಿತ ಬಂತು. ಮೈ ಮಾತ್ರ ಬರಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಬೈರಯ್ಯನಿಗೂ ಮಗ ಮುದ್ದು. ಕೊಟ್ಟಿಗೆಯಲ್ಲಿ ಕರುವಿನ ಕತ್ತು ಹಿಡಿದು ಆಡುವ ಆ ಸಣ್ಣ ಜೀವವನ್ನು ನೋಡಿ ನಗುತ್ತಿದ್ದನೇ ಹೊರತು, ಸಣ್ಣದು ಯಾಕೆ ಸಣ್ಣದಾಗಿಯೇ ಇದೆ ಅಂತ ಅವನಿಗೆ ಹೊಳೆದಿರಲೇ ಇಲ್ಲ.

ಹೊಳೆಸಿದವರು ಹೊಳೇನರಸೀಪುರದ ಪಂಚಾಕ್ಷರಯ್ಯನವರು. ಅಂಗಡಿ ಇಟ್ಟಿದ್ದ ಸಾಹುಕಾರರು, ಆದರೆ ದನದ ಹುಚ್ಚು. ವರ್ಷ ಬಿಟ್ಟು ವರ್ಷ ಬಂದು ಬೈರಯ್ಯನ ಹತ್ತಿರ ಕರು ಹಿಡಿಯುತ್ತಿದ್ದರು. ಮೂವತ್ತೆಂಟನೇ ಇಸವಿಯಲ್ಲಿ, ರಾಗಿ ತೆನೆ ಕಟ್ಟುವ ಹೊತ್ತಿಗೆ ಬಂದವರು ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡರು. ತಮ್ಮಯ್ಯ ಕರುವಿನ ಹಗ್ಗ ಹಿಡಿದುಕೊಂಡು ಬಂದ. ಸಾಹುಕಾರರು ಅವನನ್ನು ನೋಡಿ, ಇದು ಎರಡನೆಯದೋ, ದೊಡ್ಡವನೆಲ್ಲಿ ಅಂತ ಕೇಳಿದರು. ಇರುವುದೇ ಇವನೊಬ್ಬ ಅಂತ ಬೈರಯ್ಯ ಅಂದ. ಸಾಹುಕಾರರು ನಂಬಲಿಲ್ಲ. ಹಿಂದಿನ ಸಲ ಬಂದಾಗಲೂ ಈ ಹುಡುಗ ಇಷ್ಟೇ ಇದ್ದದ್ದು ಅವರಿಗೆ ನೆನಪಿತ್ತು.

ತಮ್ಮಯ್ಯ ನಕ್ಕ. ಮುಂದಿನ ಹಲ್ಲುಗಳು ಬಿದ್ದಿದ್ದವು. ಪಂಚಾಕ್ಷರಯ್ಯನವರು ಅಭ್ಯಾಸಬಲದಿಂದ, ಕರುವಿನ ತುಟಿ ಸರಿಸಿ ನೋಡುವಂತೆಯೇ, ಹುಡುಗನ ಗಲ್ಲ ಹಿಡಿದು ಬಾಯಿ ನೋಡಿದರು. ಒಸಡಿನಲ್ಲಿ ಹೊಸ ಹಲ್ಲಿನ ಬಿಳುಪು ಕಾಣುತ್ತಿತ್ತು. ಅವರ ಮುಖ ಸಪ್ಪಗಾಯಿತು. ಕೈ ಹಿಂದೆಗೆದುಕೊಂಡರು.

“ಹಲ್ಲು ಮಾಡಿದೆ, ಮೈ ಮಾಡಿಲ್ಲ ಬೈರಯ್ಯ,” ಅಂದರು, ಮೆಲ್ಲಗೆ.

ಅದು ದನದ ವ್ಯಾಪಾರದ ಮಾತು. ಹಲ್ಲು ವಯಸ್ಸು ಹೇಳುತ್ತದೆ, ಮೈ ಸಾಕಿದವನ ಯೋಗ್ಯತೆ ಹೇಳುತ್ತದೆ. ಪರಿಷೆಯಲ್ಲಿ ಬೇರೆಯವರ ಕರುಗಳ ಮೇಲೆ ಆ ಮಾತನ್ನು ಬೈರಯ್ಯ ಎಷ್ಟೋ ಸಲ ಉಗಿದಿದ್ದ. ಈಗ ಅದು ತನ್ನ ಜಗಲಿಗೇ ಬಂದು ಕೂತಿತು. ಸಾಹುಕಾರರು ನಾಚಿಕೊಂಡು ಬೇರೇನೋ ಮಾತಾಡಿ, ಕರು ಹೊಡೆದುಕೊಂಡು ಹೊರಟುಹೋದರು. ಎಷ್ಟಕ್ಕೆ ಕೊಟ್ಟೆ ಅಂತ ಬೆಟ್ಟಮ್ಮ ಕೇಳಿದರೆ ಬೈರಯ್ಯನಿಗೆ ತಟ್ಟನೆ ನೆನಪಾಗಲಿಲ್ಲ.

ಅವನು ಗೋದಲಿಯ ಪಕ್ಕದಲ್ಲಿ ಕೂತ. ದೀಪದ ಬುಡದಲ್ಲಿ ಕತ್ತಲೆ ಅಂದರೆ ಇದೇ. ಗಬ್ಬದ ಹಸು ಹುರುಳಿ ಮೆಲ್ಲುತ್ತಿತ್ತು. ಅದೇ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಮಾದಮ್ಮ ಊಟಕ್ಕೆ ಕೂತಿದ್ದಳು. ಅವಳಿಗೂ ಆಗ ಆರು ತಿಂಗಳಾಗಿತ್ತು. ಎಲ್ಲರೂ ಉಂಡ ಮೇಲೆ ಉಳಿದ ಅರ್ಧ ಮುದ್ದೆ, ನೀರಾದ ಸಾರು. ಅದರಲ್ಲೂ ಒಂದು ಚೂರು ಮುರಿದು ಪಕ್ಕಕ್ಕಿಟ್ಟಳು. ಇನ್ನೂ ಸ್ವಲ್ಪ ಉಣ್ಣು ಅಂದರೆ, ಅತ್ತೆ ಬೈಯುತ್ತಾರೆ ಅಂತ ತಲೆ ತಗ್ಗಿಸಿದಳು. ಒಂದೇ ಸೂರಿನ ಕೆಳಗೆ ಇಬ್ಬರು ಬಸುರಿಯರು, ಒಬ್ಬಳಿಗೆ ಮಾತ್ರ ಹೊಟ್ಟೆ ತುಂಬಾ. ಬೈರಯ್ಯನಿಗೆ ಮೈ ಉರಿಯಿತು. ಎದ್ದು ತಾಯಿಯ ಮೇಲೆ ಹರಿಹಾಯ್ದ.

ಬೆಟ್ಟಮ್ಮ ಮುದ್ದೆಗೆ ಜಿಪುಣತನ ಮಾಡುವ ಹೆಂಗಸಲ್ಲ. ಬಸುರಿ ಹೆಚ್ಚು ಉಂಡರೆ ಕೂಸು ದಪ್ಪ ಬೆಳೆಯುತ್ತದೆ, ಹೆರಿಗೆ ಕಷ್ಟವಾಗುತ್ತದೆ ಎಂಬ ನಂಬಿಕೆ ಅವಳದು. ನಂಬಿಕೆಯ ಹಿಂದೆ ಒಂದು ಸಾವೂ ಇತ್ತು. ಬೈರಯ್ಯನ ತಂಗಿ ಕೆಂಚಮ್ಮ ಹೆರಲಾರದೆ, ಅವ್ವಾ ಅವ್ವಾ ಅನ್ನುತ್ತಾ ಬೆಟ್ಟಮ್ಮನ ತೊಡೆಯ ಮೇಲೆಯೇ ಸತ್ತಿದ್ದಳು.

“ಅವ್ಳಿಗೆ ನಾನೇ ಕಯ್ಯಾರ ತಿನ್ಸಿ ತಿನ್ಸಿ ಸಾಯ್ಸ್ದೆ ಕಣ್ಲಾ,” ಅಂದಳು ಬೆಟ್ಟಮ್ಮ. “ಈ ಸೊಸೇನೂ ಕಳ್ಕೋ ಅಂತೀಯ? ಮಗ ಸಣ್ಣುಕಿದ್ರೆ ಇರ್ಲಿ, ತಾಯಿ ಉಳುದ್ರೆ ಸಾಕು.”

ಬೈರಯ್ಯನ ಸಿಟ್ಟು ಅಲ್ಲೇ ತಣ್ಣಗಾಯಿತು. ತಾಯಿ ಸೊಸೆಯನ್ನು ಅರೆಹೊಟ್ಟೆಯಲ್ಲಿ ಇಟ್ಟದ್ದು ಪ್ರೀತಿಯಿಂದ. ಕರುವಿನ ವಿಷಯವಾದರೆ ಅವನಿಗೆ ಗೊತ್ತು. ಮಾದಮ್ಮನ ಪ್ರಾಣದ ವಿಷಯದಲ್ಲಿ ತಪ್ಪಿದರೆ? ಅವನು ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ.

ಸಂತೆಯ ದಿನ ಹೊಳೇನರಸೀಪುರಕ್ಕೆ ಹೋದವನು ಆಸ್ಪತ್ರೆಯ ಮುಂದೆ ಬಹಳ ಹೊತ್ತು ಸುಳಿದಾಡಿದ. ಹೆರಿಗೆ ಮಾಡಿಸುವ ನರ್ಸಮ್ಮನವರು ಹೊರಗೆ ಬಂದಾಗ ಕೈಮುಗಿದ. ಹೆಂಡತಿಯ ಮಾತನ್ನು ಪರ ಹೆಂಗಸಿನ ಮುಂದೆ ಎತ್ತುವುದು ಹೇಗೆ? ನಮ್ಮ ಹಸು ಗಬ್ಬವಾಗಿದೆ, ಅದಕ್ಕೆ ಹೊಟ್ಟೆ ತುಂಬಾ ಹಾಕಿದರೆ ಕರು ದಪ್ಪವಾಗಿ ಸಿಕ್ಕಿಕೊಳ್ಳುತ್ತದೆಯೇ ಅಂತ ಶುರು ಮಾಡಿದ. ಮೊದಲ ಹಾಲು ಚೆಲ್ಲಬೇಕೇ, ಬೇಧಿಯಾದರೆ ಉಪವಾಸ ಹಾಕಬೇಕೇ ಅಂತಲೂ ಕೇಳಿದ. ನರ್ಸಮ್ಮನವರು ಎಲ್ಲವನ್ನೂ ಕೇಳಿಸಿಕೊಂಡು, ನಿನ್ನ ಹಸುವಿನ ಹೆಸರೇನಪ್ಪ ಅಂದರು.

ಬೈರಯ್ಯ ನೆಲ ನೋಡಿಕೊಂಡು, “ಮಾದಮ್ಮ,” ಅಂದ.

ಅವರು ನಗಲಿಲ್ಲ. ಕೂರಿಸಿಕೊಂಡು ಹೇಳಿದರು. ಬಸುರಿ ಉಂಡದ್ದರಿಂದ ಹೆರಿಗೆ ಕಷ್ಟವಾಗುವುದಿಲ್ಲ. ಕೂಸು ಅಡ್ಡಬಂದರೆ, ಸೊಂಟ ಕಿರಿದಾದರೆ ಆಗುತ್ತದೆ. ನೋವು ಎಳೆದಾಡಿದರೆ ಸೂಲಗಿತ್ತಿಯನ್ನು ನಂಬಿ ಕೂರದೆ ಗಾಡಿ ಕಟ್ಟಿಕೊಂಡು ಬಂದುಬಿಡಿ. ಅರೆಹೊಟ್ಟೆಯ ತಾಯಿಗೆ ಹೆರುವ ಶಕ್ತಿಯೂ ಇರುವುದಿಲ್ಲ, ಹೊಟ್ಟೆಯೊಳಗಿನದು ಅಲ್ಲೇ ಸೊರಗುತ್ತದೆ. ಹಳದಿ ಹಾಲು ಒಂದು ತೊಟ್ಟೂ ಚೆಲ್ಲಬೇಡಿ. ಕೂಸು ಕೂರುವ ಹಾಗಾಗುವವರೆಗೆ ಎದೆಹಾಲು ಬಿಟ್ಟರೆ ನೀರೂ ಬೇಡ. ಆಮೇಲೆ ಹಾಲಿನ ಜೊತೆಗೇ ಮೊಳಕೆ ರಾಗಿಯ ಸರಿ, ನುಣ್ಣಗೆ ಬೇಯಿಸಿದ ಬೇಳೆಕಾಳು, ಸೊಪ್ಪು, ಮೊಟ್ಟೆ. ಚಮಚದಿಂದ ಜಾರಿ ಬೀಳದಷ್ಟು ಗಟ್ಟಿ ಇರಲಿ. ನೀರನ್ನು ಕಾಯಿಸಿ ಆರಿಸಿ ಕೊಡಿ, ಉಣ್ಣಿಸುವವರು ಕೈ ತೊಳೆದುಕೊಳ್ಳಿ. ಬೇಧಿಯಾದಾಗ ಹಾಲು, ಊಟ ನಿಲ್ಲಿಸಿದರೆ ಬೆಳೆಯುವ ಮೈ ಹಿಂದಕ್ಕೆ ಹೋಗುತ್ತದೆ.

ದೊಡ್ಡ ಮಗನಿಗೆ ಈಗಿನಿಂದ ಹಾಗೆ ಹಾಕಿದರೆ ಎತ್ತರ ಬರುತ್ತದೆಯೇ ಅಂತ ಬೈರಯ್ಯ ಕೊನೆಗೆ ಕೇಳಿದ. ಅವನು ಕೇಳಬೇಕೆಂದು ಬಂದದ್ದೇ ಅದನ್ನು. ಹಾಕಿ, ಮೈ ತುಂಬುತ್ತದೆ ಅಂದರು ನರ್ಸಮ್ಮನವರು. ಎತ್ತರದ ಮಾತು ಎತ್ತಲಿಲ್ಲ. ಕರು ಸಾಕಿದವನಿಗೆ ಅರ್ಥವಾಗಲು ಅಷ್ಟು ಸಾಕಾಯಿತು.

ಅಂದಿನಿಂದ ಮಾದಮ್ಮ ಅವನ ಎದುರಿಗೇ ಕೂತು ಉಣ್ಣಬೇಕೆಂದು ಕಟ್ಟು ಮಾಡಿದ. ಹುರುಳಿ ಬೆಂದರೆ ಕಟ್ಟಿನ ಸಾರೂ ಅವಳಿಗೆ, ಕಾಳೂ ಅವಳಿಗೆ. ಹೆಂಡತಿ ಉಣ್ಣುವುದನ್ನು ಕಾಯುವ ಗಂಡಸನ್ನು ಊರು ಬಿಟ್ಟೀತೇ? ಗಬ್ಬದ ಹಸುವಿಗೆ ಇಟ್ಟದ್ದನ್ನು ಹೆಂಡತಿಗೂ ಇಡುತ್ತಾನೆ ಅಂತ ನಕ್ಕರು. ನಗಲಿ ಅಂತ ಅವಳ ತಟ್ಟೆಗೆ ಇನ್ನೊಂದು ಸೌಟು ಹಾಕಿಸಿದ. ಬೆಟ್ಟಮ್ಮ ಮಾತು ಬಿಟ್ಟಳು. ಮಾದಮ್ಮನ ಹೊಟ್ಟೆ ದೊಡ್ಡದಾದ ಹಾಗೆಲ್ಲ ಮುದುಕಿಯ ಮುಖ ಚಿಕ್ಕದಾಗುತ್ತಾ ಹೋಯಿತು. ಬೈರಯ್ಯನೂ ಒಳಗೊಳಗೆ ಹೆದರಿ ಗಾಡಿಯ ಕೀಲಿಗೆ ಎಣ್ಣೆ ಹಾಕಿ, ಹುಲ್ಲು ಹಾಸಿ, ಎತ್ತುಗಳನ್ನು ದೂರ ಮೇಯಲು ಬಿಡದೆ ಕಾದ.

ಗಾಡಿ ಬೇಕಾಗಲಿಲ್ಲ. ಬೆಳಗ್ಗೆ ನೋವು ಶುರುವಾಗಿ, ಹೊತ್ತು ನೆತ್ತಿಗೆ ಬರುವ ಮೊದಲೇ ಹೆಣ್ಣು ಕೂಸು ಕಿರುಚಿತು. ಮಾದಮ್ಮ ಬದುಕಿದ್ದಳು, ನೀರು ಕೇಳಿದಳು. ಬೆಟ್ಟಮ್ಮ ಹೊರಗೆ ಬಂದು ಗೋಡೆಗೆ ಒರಗಿ, ಸತ್ತ ಮಗಳ ಹೆಸರು ಹಿಡಿದು ಅತ್ತಳು. ಅತ್ತು ಮುಗಿಸಿ ಕಣ್ಣೊರೆಸಿಕೊಂಡು, ಒಲೆಯ ಹತ್ತಿರ ಹೋಗಿ ತಟ್ಟೆಗೆ ಬೂದಿ ತುಂಬಿಕೊಂಡು ಬಂದಳು.

ಬೈರಯ್ಯ ಬಾಣಂತಿ ಕೋಣೆಯ ಹೊಸ್ತಿಲಿಗೆ ಅಡ್ಡ ನಿಂತ. ಗಂಡಸು ನಿಲ್ಲಬಾರದ ಜಾಗ ಅದು.

“ಊರ್ಗೆಲ್ಲ ಗಿಣ್ಣು ಕೊಡ್ದೆ ಕೆಟ್ಟೋನು ಅನ್ನುಸ್ಕಂಡಿವ್ನಿ ಕಣವ್ವ,” ಅಂದ. “ಕರಿನ ಗಿಣ್ಣ ಕಾದೋನು, ನನ್ ಮಗನ ಗಿಣ್ಣ ಬೂದಿಗುಯ್ದೆ. ಈ ಮಗೀಂದ ಉಯ್ಯಾಕೆ ಬುಡಾಕಿಲ್ಲ.”

ಬೆಟ್ಟಮ್ಮ ಮಗನ ಮುಖ ನೋಡಿದಳು. ಆಮೇಲೆ ತಟ್ಟೆಯ ಬೂದಿಯನ್ನು ಹಿತ್ತಲ ತಿಪ್ಪೆಗೆ ಹಾಕಿ, ಕೈ ತೊಳೆದುಕೊಂಡು ಒಳಗೆ ಹೋಗಿ ಕೂಸನ್ನು ತಾಯಿಯ ಎದೆಗೆ ಹಚ್ಚಿದಳು. ಕೂಸಿಗೆ ಹೊನ್ನಮ್ಮ ಅಂತ ಹೆಸರಿಟ್ಟರು.

ಒಪ್ಪಿಕೊಂಡ ಮೇಲೆ ಬೆಟ್ಟಮ್ಮನ ನೇಮ ಮಗನನ್ನೂ ಮೀರಿಸಿತು. ರಾಗಿ ನೆನೆಸಿ ಮೊಳಕೆ ಕಟ್ಟಿ, ಒಣಗಿಸಿ ಬೀಸಿ, ತನ್ನ ಹಳೇ ಸೀರೆಯ ತುಂಡಿನಲ್ಲಿ ಜಾಲಿಸುವ ಕೆಲಸವನ್ನು ಬೇರೆ ಯಾರಿಗೂ ಬಿಡಲಿಲ್ಲ. ನುಗ್ಗೆಸೊಪ್ಪನ್ನು ಕಿವುಚಿ ಬೇಳೆಗೆ ಸೇರಿಸಿದಳು. ಕೈ ತೊಳೆಯದೆ ಕೂಸು ಮುಟ್ಟಿದವರನ್ನು ಬೈದು ಅಟ್ಟಿದಳು. ಹೊನ್ನಿ ಬಾಳೆಯ ಕಂದಿನ ಹಾಗೆ ಒಂದೇ ಸಮ ಬೆಳೆದಳು. ತಮ್ಮಯ್ಯನಿಗೂ ಅದೇ ಸರಿ, ಅದೇ ಹುರುಳಿ, ಅದೇ ಕಾಯಿಸಿದ ನೀರು ಸಿಕ್ಕಿತು. ಕೆನ್ನೆ ತುಂಬಿತು, ಬೇಧಿ ನಿಂತಿತು, ಸೊಂಟದ ತಾಯಿತ ಬಿಗಿಯಾಗಿ ಬಿಚ್ಚಬೇಕಾಯಿತು. ಎತ್ತರ ಮಾತ್ರ ಓರಗೆಯವರನ್ನು ಮುಟ್ಟಲಿಲ್ಲ.

ಯುದ್ಧದ ವರ್ಷಗಳು ಬಂದವು. ರಾಗಿ ಸರ್ಕಾರದ ಲೆವಿಗೆ ಹೋಯಿತು, ಮನೆಮನೆಯಲ್ಲೂ ಮುದ್ದೆ ಚಿಕ್ಕದಾಯಿತು. ಆ ಕಾಲದಲ್ಲೇ ಬೈರಯ್ಯ ಊರೂರಿಗೆ ಹೋಗುವುದನ್ನು ಹಿಡಿದ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ ಅಂತ ಗೊತ್ತಾದರೂ ದನ ನೋಡುವ ನೆಪದಲ್ಲಿ ಹೋಗಿ ಜಗಲಿಯ ಮೇಲೆ ಕೂರುತ್ತಿದ್ದ. ಮನೆ ಗಂಡಸಿನ ಹತ್ತಿರ ಕರುವಿನ ಮಾತು ತೆಗೆದು ಬಸುರಿಯ ಊಟಕ್ಕೆ, ಮೊದಲ ಹಾಲಿಗೆ ಬಂದು ಮುಟ್ಟುತ್ತಿದ್ದ. ಇರುವುದು ಕಡಿಮೆಯಾದರೆ ಕಡಿಮೆ ಆಗಬೇಕಾದ್ದು ಅವಳದ್ದಲ್ಲ, ನಿಮ್ಮದು ಅಂತ ಹೇಳುತ್ತಿದ್ದ. ಕೆಲವರು ಕೇಳಿದರು. ಕೆಲವರು ಬಾಣಂತಿ ಬೈರಯ್ಯ ಅಂತ ಹೊಸ ಹೆಸರು ಕೊಟ್ಟರು.

ಇಷ್ಟೆಲ್ಲ ಮಾತಾಡಿದವನು ತಮ್ಮಯ್ಯನ ಹೆಸರನ್ನು ಎಲ್ಲೂ ಎತ್ತಲಿಲ್ಲ. ಹಾಗಷ್ಟೇ ಅಲ್ಲ, ಮನೆಗೆ ಯಾರಾದರೂ ಬಂದರೆ ಮಕ್ಕಳಿಬ್ಬರೂ ಅಕ್ಕಪಕ್ಕ ನಿಲ್ಲದಂತೆ ನೋಡಿಕೊಳ್ಳುತ್ತಿದ್ದ. ಹೊನ್ನಿಯನ್ನು ಅಜ್ಜಿಯ ಹತ್ತಿರ ಕಳಿಸುವನು, ಇಲ್ಲವೇ ಮಗನಿಗೆ ಹೊಲದಲ್ಲಿ ಕೆಲಸ ಹೇಳುವನು. ನಾನ್ಯಾಕೆ ಗಿಡ್ಡ ಅಂತ ಮಗ ಒಂದು ದಿನ ಕೇಳಿಯಾನು ಎಂಬ ಭಯ ಅವನಿಗೆ.

ತಮ್ಮಯ್ಯ ಹರೆಯಕ್ಕೆ ಕಾಲಿಟ್ಟ ವರ್ಷ ಯುಗಾದಿಯಲ್ಲಿ ಅವನೇ ಹೊನ್ನಾರು ಹೂಡಬೇಕೆಂದು ಬೆಟ್ಟಮ್ಮ ಹೇಳಿದಳು. ಹೊಸ ವರ್ಷದ ಮೊದಲ ಉಳುಮೆ, ಊರೆಲ್ಲ ನಿಂತು ನೋಡುವಂಥದ್ದು. ಹಿಂದಿನ ದಿನ ತಮ್ಮಯ್ಯ ನೇಗಿಲ ಹಿಂದೆ ನಿಂತು ನೋಡಿದ. ಮೇಣಿಯ ಹಿಡಿ ಅವನ ಎದೆಗಿಂತ ಮೇಲಕ್ಕೆ ಬರುತ್ತಿತ್ತು. ಮಾರನೆಯ ಬೆಳಗ್ಗೆ ನೋಡಿದರೆ ಮೇಣಿ ಗಿಡ್ಡವಾಗಿತ್ತು. ಹಿಡಿಯನ್ನು ಕೆಳಗಿಳಿಸಿ, ಕೈಗೆ ಒತ್ತದಂತೆ ನಯವಾಗಿ ಕೆತ್ತಿದ್ದರು. ತುದಿಗೆ ಗೆದ್ದಲು ಹಿಡಿದಿತ್ತು, ಅದಕ್ಕೇ ಕೊಯ್ದೆ ಅಂತ ಬೈರಯ್ಯ ಅಂದ. ತಮ್ಮಯ್ಯ ಹೂ ಅಂದು ಎತ್ತು ಹೂಡಿದ. ಸಾಲು ನೆಟ್ಟಗೆ ಬಂತು.

ನಲವತ್ತೊಂಬತ್ತರಲ್ಲಿ ಮಾದಮ್ಮನ ಅಣ್ಣ ಬೋರಪ್ಪನ ಮಗಳು ಚೊಚ್ಚಲು ಹೆರಿಗೆಗೆ ತೌರಿಗೆ ಬಂದಿದ್ದಳು. ಬೋರಪ್ಪನ ಊರು ಅರಕಲಗೂಡಿನ ಆಚೆ, ರುದ್ರಪಟ್ಟಣದ ಹತ್ತಿರ. ಬಾಣಂತಿಗೆ ಹುರುಳಿ, ರಾಗಿಹಿಟ್ಟು ಗಾಡಿಗೆ ಹಾಕಿಕೊಂಡು ಬೈರಯ್ಯ ಹೊರಟ. ಹೊನ್ನಿ ಬರುತ್ತೇನೆಂದು ಗಾಡಿ ಹತ್ತಿದಳು. ಎತ್ತು ಹೊಡೆಯಲು ತಮ್ಮಯ್ಯ ಬಂದ. ಈ ಸಲ ಇಬ್ಬರನ್ನೂ ಬೇರೆ ಮಾಡಲು ಅವನಿಗೆ ನೆಪ ಸಿಗಲಿಲ್ಲ.

ಹೋಗಿ ಇಳಿಯುವ ಹೊತ್ತಿಗೆ ಕೂಸು ಹುಟ್ಟಿ ಸ್ವಲ್ಪ ಹೊತ್ತಾಗಿತ್ತು. ಜಗಲಿಯಲ್ಲಿ ಬೋರಪ್ಪ ಕೂತಿದ್ದ. ಅವನ ಹೆಂಡತಿ ಬೂದಿಯ ತಟ್ಟೆ ಹಿಡಿದು ಒಳಗೆ ಹೋಗುತ್ತಿದ್ದಳು. ಬೈರಯ್ಯ ಅವಳನ್ನು ನಿಲ್ಲಿಸಿ ತನ್ನ ಮಾಮೂಲು ಮಾತು ಶುರು ಮಾಡಿದ. ಹಸು ಈದಾಗ ಏನು ಮಾಡುತ್ತೀರಿ ಅಂದ. ಬೋರಪ್ಪನಿಗೆ ರೇಗಿತು.

“ನಿನ್ ಕರಿನ ಕತೆ ಕೇಳಿ ಕೇಳಿ ಸಾಕಾಗದೆ ಬಾವ,” ಅಂದ. “ದನಿನ ಮಗ ಬ್ಯಾರೆ, ಮನುಸ್ರ ಮಗ ಬ್ಯಾರೆ.”

ಇದಕ್ಕೆ ಬೈರಯ್ಯನ ಹತ್ತಿರ ಉತ್ತರವಿತ್ತು, ಅಂಗಳದಲ್ಲೇ ಎತ್ತು ಬಿಚ್ಚುತ್ತಾ ನಿಂತಿತ್ತು. ಅದನ್ನು ಆಡಲು ಅವನ ನಾಲಿಗೆ ಏಳಲಿಲ್ಲ. ಬೋರಪ್ಪನ ಹೆಂಡತಿ ಮತ್ತೆ ಹೆಜ್ಜೆ ಎತ್ತಿದಳು.

ತಮ್ಮಯ್ಯ ಎತ್ತಿನ ಹಗ್ಗವನ್ನು ಗೂಟಕ್ಕೆ ಕಟ್ಟಿ, ಹೊನ್ನಿಯನ್ನು ಕೂಗಿದ. ಜಗಲಿಯ ಮುಂದೆ ಅವಳನ್ನು ತನ್ನ ಪಕ್ಕಕ್ಕೆ ನಿಲ್ಲಿಸಿಕೊಂಡ. ಹತ್ತು ವರ್ಷದ ಹುಡುಗಿ ಹರೆಯದ ಅಣ್ಣನ ಕಿವಿಯ ಮಟ್ಟಕ್ಕೆ ಬಂದಿದ್ದಳು.

“ಕರಿನ ಮಾತು ಬುಡು ಮಾವ, ನಮ್ಮನ್ನ ನೋಡು,” ಅಂದ ತಮ್ಮಯ್ಯ. “ಇಬ್ರುನ್ನೂ ಹೆತ್ತಿರಾದು ಒಬ್ಳೇ ಅವ್ವ. ನಮ್ಮವ್ವನ ಮೊದ್ಲಾಲು ನಂಗೆ ಸಿಗ್ನಿಲ್ಲ, ಇವ್ಳಿಗೆ ಸಿಕ್ತು. ಆಮ್ಯಾಕೆ ಸಿಗ್ಬೇಕಾದ್ದೂ ಅಂಗೇಯ. ಅತ್ತೆ, ನಿಮ್ ಮಗೀಗೆ ನನ್ನಂಗಾಗಾದು ಬ್ಯಾಡ.”

ಬೋರಪ್ಪ ಇಬ್ಬರನ್ನೂ ನೋಡಿದ, ಆಮೇಲೆ ನೋಡಲಾರದೆ ಮುಖ ತಿರುಗಿಸಿದ. ಅವನ ಹೆಂಡತಿ ತಟ್ಟೆಯನ್ನು ಜಗಲಿಯ ಮೂಲೆಯಲ್ಲಿಟ್ಟು ಬರಿಗೈಯಲ್ಲಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗೆ ಕೂಸಿನ ಅಳು ನಿಂತು, ಚೀಪುವ ಸದ್ದು ಕೇಳಿಸಿತು.

ಊರಿಗೆ ವಾಪಸು ಬರುವಾಗ ಹೊನ್ನಿ ಗಾಡಿಯ ಹುಲ್ಲಿನ ಮೇಲೆ ನಿದ್ದೆ ಹೋದಳು. ಅಪ್ಪ ಮಗ ಇಬ್ಬರೂ ಗಾಡಿಯ ಪಕ್ಕದಲ್ಲಿ ನಡೆಯುತ್ತಿದ್ದರು. ಇಳಿಬಿಸಿಲಿನಲ್ಲಿ ಒಂದು ಉದ್ದ ನೆರಳು, ಒಂದು ಗಿಡ್ಡ ನೆರಳು ಮುಂದೆ ಮುಂದೆ ಹೋಗುತ್ತಿದ್ದವು. ಇದನ್ನು ನಿನಗೆ ಯಾರು ಹೇಳಿದರು ಅಂತ ಬೈರಯ್ಯ ಕೊನೆಗೆ ಕೇಳಿದ.

“ಯಾರೂ ಯೋಳ್ನಿಲ್ಲ. ಹೊನ್ನಿ ಉಟ್ದಾಗ ನೀನು ಅಜ್ಜೀಗೆ ಅಂದಿದ್ದ ಕೇಳಿದ್ದೆ. ಮೇಣೀಲಿ ಗೆದ್ಲು ಇರ್ನಿಲ್ಲ ಕಣಪ್ಪ,” ಅಂದ ತಮ್ಮಯ್ಯ.

“ಗೊತ್ತಿದ್ದೂ ಯಾಕ್ಲಾ ಕೇಳ್ನಿಲ್ಲ?”

“ಅಷ್ಟು ಜ್ವಾಪಾನವಾಗಿ ಕೆತ್ತಿದ್ದಲ್ಲ. ಕೇಳಾಕೆ ಮನ್ಸು ಬರ್ನಿಲ್ಲ.”

ಬೈರಯ್ಯ ರಸ್ತೆಯಲ್ಲೇ ನಿಂತುಬಿಟ್ಟ. ಹೆಗಲ ಮೇಲಿನ ವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ತಪ್ಪಾಯಿತು ಮಗ ಅಂತ ಅಂದನೋ, ಅಳುವಿನಲ್ಲಿ ಮಾತು ಮುಳುಗಿತೋ, ಗಾಡಿಯ ಸದ್ದಿನಲ್ಲಿ ತಿಳಿಯಲಿಲ್ಲ. ತಮ್ಮಯ್ಯ ಎತ್ತುಗಳನ್ನು ನಿಲ್ಲಿಸಿಕೊಂಡು ಕಾದ. ಅಪ್ಪ ಮುಖ ಒರೆಸಿಕೊಂಡ ಮೇಲೆ ಮತ್ತೆ ಗಾಡಿ ಬಿಟ್ಟ.

ಅದಾದ ಮೇಲೆ ಬೈರಯ್ಯ ಯಾರ ಮನೆಯ ಜಗಲಿಯಲ್ಲಿ ಕೂತರೂ ಕರುವಿನ ಕತೆ ಹೇಳಲಿಲ್ಲ. ತಮ್ಮಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ಮಗ ಹುಟ್ಟಿದಾಗ ನಾನು ಕೊಟ್ಟಿಗೆಯಲ್ಲಿದ್ದೆ ಅಂತ ಶುರು ಮಾಡುತ್ತಿದ್ದ.